ಎರಡನೇ ಗೋಲಿ

ಜೂನ್ ತಿಂಗಳ ಮೊದಲ ಸೋಮವಾರ
ಹೊಸ ಕೋಚು ದೇಚಮ್ಮ ಸ್ಕೂಟರಿನಲ್ಲಿ ಬಂದರು,
ಕಾಲ ಬಳಿ ಒಂದು ಚೀಲ ನಿಂಬೆಹಣ್ಣು.
ಭಾಷಣವಿಲ್ಲ. ಹದಿನೆಂಟು ಜನಕ್ಕೂ
ಹಾಕಿ ಕೋಲು ಕೆಳಗಿಡಿಸಿ ಪೈಪು ಹಿಡಿಸಿದರು:
'ಒಣಗಿದ ಟರ್ಫಿನ ಮೇಲೆ ಚೆಂಡು ಸುಳ್ಳು ಹೇಳುತ್ತೆ.'

ಹಳೇ ಕೋಚು ಬೈದರೆ
ಕಾರಂಜಿ ಕೆರೆಯ ಹಕ್ಕಿ ಏಳುತ್ತಿದ್ದವು.
ಇವರು ನೋಡುತ್ತಾರೆ ಅಷ್ಟೆ. ಅದು ಉರಿಯುತ್ತೆ.

ಮೊದಲ ಐದು ಪಂದ್ಯ ಸೋತೆವು.
ಅಗ್ರಹಾರದ ಟೀ ಅಂಗಡಿ ಚೆಲುವರಾಜ
'ಹೆಂಗಸಿನ ಕೈಲಿ...' ಅಂತ ಶುರುಮಾಡಿ
ನನ್ನ ಮುಖ ನೋಡಿ ಸಕ್ಕರೆ ಕಲಕಿದ.
ಆರನೆಯದು ಡ್ರಾ. ಯಾರೂ ಕುಣಿಯಲಿಲ್ಲ,
ಬಸ್ಸಿನಲ್ಲಿ ಇರ್ಫಾನ್ ಮಾತ್ರ ಸಣ್ಣಗೆ ಶಿಳ್ಳೆ ಹಾಕಿದ
ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೆ.
ಆಮೇಲೆ ಮೂರು ಗೆಲುವು. ಹೇಗೆ ಅಂತ ಕೇಳಬೇಡಿ.

ನಾನು ಎರಡನೇ ಗೋಲಿ.
ಸೀಸನ್ ಪೂರ್ತಿ ಪ್ಯಾಡು ಕಟ್ಟಿ, ಪ್ಯಾಡು ಬಿಚ್ಚಿ,
ಬೆಂಚಿನ ಹಲಗೆಗೆ ನನ್ನ ಬೆನ್ನು ಬಾಯಿಪಾಠ.
ಒಂದು ಸಂಜೆ ಪೈಪು ಸುತ್ತುವಾಗ ಅಂದರು:
'ಎಡಕ್ಕೆ ಬೀಳೋಕೆ ಹೆದರ್ತೀಯ, ಮಾದೇಶ.'
ಮನೇಲೂ ಗೊತ್ತಿರದ ಸಂಗತಿ.

ಕೊನೆಯ ಪಂದ್ಯ. ಬೆಟ್ಟದ ಮೇಲೆ ದೀಪ ಹತ್ತಿತ್ತು.
ಮೊದಲ ಗೋಲಿ ಮೊಣಕಾಲು ಹಿಡಿದು ಕೂತ.
ಉಳಿದದ್ದು ನಾಲ್ಕು ನಿಮಿಷ, ಒಂದು ಪೆನಾಲ್ಟಿ ಕಾರ್ನರ್.
ಎಡಕ್ಕೆ ಬಿದ್ದೆ.
ಚೆಂಡು ಬಲಕ್ಕೆ ಹೋಯಿತು.

ಎಂಟು ತಂಡದಲ್ಲಿ ನಾವು ಆರನೆಯವರು.
ಅವರು ನಿಂಬೆ ಹೋಳಿಗೆ ಉಪ್ಪು ಉದುರಿಸಿ
ಎಲ್ಲರಿಗೂ ಒಂದೊಂದು ಕೊಟ್ಟು, ನನಗೆ ಎರಡು ಕೊಟ್ಟು,
'ನಾಳೆ ಆರಕ್ಕೆ ನೀರು ಬಿಡು' ಎಂದರು.

ಸೀಸನ್ ಮುಗಿದಿತ್ತು.
ಯಾರೂ ನೆನಪಿಸಲಿಲ್ಲ.