ಕೋಸಿನ ಮೇಲಿನ ಕಲ್ಲು

ಬಾಕೋನ್ ಬೆಟ್ಟದ ಬುಡದಲ್ಲಿ ಈಗ ಗೋಡೆಯಿಲ್ಲ,
ಗೋಡೆಯಿದ್ದಲ್ಲಿ ಹುಲ್ಲಿನ ಬಣ್ಣ ಬೇರೆ.
ಬೇಸಿಗೆ ಬಲಿತಾಗ ಮೇಲಿಂದ ನೋಡಬೇಕು:
ಒಣಗಿದ ಗೆರೆಗಳಲ್ಲಿ ಒಂದು ಇಗರ್ಜಿ
ತಾನಾಗಿ ಮೂಡಿ, ಮೊದಲ ಮಳೆಗೆ ಅಳಿಸಿಹೋಗುತ್ತದೆ.

ಇಲ್ಲಿ ಒಂದು ರಾಜಮನೆತನ ಮಲಗಿತ್ತು.
ಏಳು ತಲೆಮಾರು, ಒಬ್ಬರ ಕಾಲಿನ ಕಡೆ ಇನ್ನೊಬ್ಬರ ತಲೆ.
ಗಂಡಸರು ಬಲಿಪೀಠಕ್ಕೆ ಹತ್ತಿರ, ಹೆಂಗಸರು ಕಂಬದಾಚೆ,
ಹೆಸರಿಡುವ ಮೊದಲೇ ಹೋದ ಕೂಸುಗಳು
ಜಾಗ ಉಳಿದಲ್ಲಿ.

ಆಮೇಲೆ ಕುದುರೆಗಳು ಬಂದವು. ಆಮೇಲೆ ಬೆಂಕಿ.
ಅದೂ ಆದಮೇಲೆ, ಇನ್ನೂರು ವರ್ಷ, ಊರಿನವರು ಬಂದರು
ಎತ್ತಿನ ಗಾಡಿ ಹೂಡಿಕೊಂಡು, ಬೈಗುಳವಿಲ್ಲದೆ, ಭಕ್ತಿಯೂ ಇಲ್ಲದೆ.
ಕಮಾನು ಬಾವಿಯ ಕಟ್ಟೆಯಾಯಿತು,
ದೇವದೂತನ ರೆಕ್ಕೆ ಹಂದಿಗೂಡಿನ ಹೊಸ್ತಿಲಾಯಿತು,
ಸುಣ್ಣದ ಗೂಡಿಗೆ ಬಿದ್ದ ರಾಣಿಯ ಮುಖ
ಯಾರದೋ ಮದುವೆಗೆ ಗೋಡೆ ಬೆಳ್ಳಗೆ ಮಾಡಿತು.

ನನ್ನ ಕೆಲಸ ಎಲುಬು ಬೇರೆ ಮಾಡುವುದು.
ಹಿಂದೆ ಅಗೆದವರು ಎಲ್ಲವನ್ನೂ ಕೂಡಿಸಿ
ಸೇಬಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದಾರೆ:
'ರಾಜರು, ಮತ್ತು ಇತರೆ.'
ಹಲ್ಲುಜ್ಜುವ ಬ್ರಷ್ಷಿನಲ್ಲಿ ಮಣ್ಣು ತೆಗೆಯುತ್ತೇನೆ.
ಮೂರು ಬಲದ ತೊಡೆ, ಐದು ಎಡದ್ದು,
ಕುದುರೆ ಸವಾರಿಗೆ ಸವೆದ ಒಂದು ಸೊಂಟ,
ಒಂದು ನಾಯಿಯ ದವಡೆ. ಅದಕ್ಕೂ ಸಂಖ್ಯೆಯಿದೆ.

ಕಳೆದ ವಾರ ಪ್ರಯೋಗಾಲಯದ ಕಾಗದ ಬಂತು.
ಎಲ್ಲರ ನಡುವೆ ಚಿನ್ನದೆಳೆಯ ಬಟ್ಟೆ ಸುತ್ತಿಕೊಂಡಿದ್ದ ಹುಡುಗ,
ಎಂಟು ವರ್ಷ ಇದ್ದಾನು, ಹೊಸ ಹಲ್ಲು ಅರ್ಧ ಬಂದಿದೆ,
ಈ ರಕ್ತದವನಲ್ಲ.
ಅಪ್ಪನ ಕಡೆಯಿಂದಲ್ಲ, ಅಮ್ಮನ ಕಡೆಯಿಂದಲೂ ಅಲ್ಲ.
ಪ್ರೊಫೆಸರ್ ಝೊಂಬೋರ್ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಒರೆಸಿದರು. 'ಬರೆಯಿರಿ' ಎಂದರು, 'ಗೊತ್ತಿಲ್ಲ ಅಂತ.'
ಬರೆದೆ.
ಯಾರೋ ಅವನಿಗೆ ಹೊದಿಸಿದ್ದಂತೂ ಗೊತ್ತು.
ಅದನ್ನು ಬರೆಯಲು ಕಾಲಂ ಇರಲಿಲ್ಲ.

ಇವತ್ತು ತೆರ್ಕಾ ಅಜ್ಜಿ ಕೈಗಾಡಿ ತಳ್ಳಿಕೊಂಡು ಬಂದಳು.
ಗೋಣಿಯೊಳಗೆ ಕೆಂಪು ಅಮೃತಶಿಲೆಯ ಒಂದು ಪಾದ,
ಚೂಪು ಮೂತಿಯ ಜೋಡು, ಪಟ್ಟಿಯ ಹೊಲಿಗೆ ಕೂಡ ಕಾಣುತ್ತದೆ,
ಹುಳಿ ತಿಂದು ಮೂತಿ ಮಾತ್ರ ಮೊಂಡಾಗಿದೆ.
'ನಮ್ಮತ್ತೆಯ ಅತ್ತೆಯ ಕಾಲದಿಂದ
ಕೋಸಿನ ಪೀಪಾಯಿಯ ಮೇಲೆ ಇದೇ ಭಾರ.
ಇದಿಟ್ಟರೇ ಹುಳಿ ಸರಿಯಾಗಿ ಬರೋದು.
ನಿಮ್ಮ ದೊರೆ ನಮ್ಮ ಮನೇಲಿ ಸುಮ್ಮನೆ ಕೂತಿರಲಿಲ್ಲ, ಬರೆದುಕೊಳ್ಳಿ.'
ರಸೀದಿ ಕೇಳಿದಳು. ಕೊಟ್ಟೆ.
ಕೈಯುದ್ದ ದೂರ ಹಿಡಿದು ಪೂರ್ತಿ ಓದಿದಳು.
ಹೋಗುವಾಗ ತಿರುಗಿ ನಿಂತು,
'ಕೋಸು ಹೆಚ್ಚಿಟ್ಟಾಗಿದೆ' ಎಂದಳು. 'ಈಗ ಭಾರಕ್ಕೆ ಏನು ಮಾಡಲಿ?'

ಹೊಳೆಗೆ ಹೋದೆವು ಇಬ್ಬರೂ.
ನಾನು ಎತ್ತಿ ತೋರಿಸಿದ್ದನ್ನೆಲ್ಲ ಬೇಡವೆಂದಳು:
ಇದು ಹಗುರ, ಇದು ಪುಡಿಯಾಗುತ್ತೆ, ಇದಕ್ಕೆ ಮೂಲೆ.
ಕೊನೆಗೊಂದು ಸಿಕ್ಕಿತು, ಯಾರೂ ಕೆತ್ತದ್ದು,
ಕೂಸಿನ ತಲೆಯಷ್ಟು.
ಮಡಿಲಲ್ಲಿ ಕಟ್ಟಿಕೊಂಡು ನಡೆದಳು.

ಸಂಜೆ, ಪಾದದ ಅಡಿಗೆ ಸಂಖ್ಯೆ ಬರೆಯುವಾಗ
ನನ್ನ ಬೆರಳಿಗೆಲ್ಲ ಹುಳಿಯ ವಾಸನೆ.