ಹದಿನಾರು ಎಂ.ಎಂ.

ಮೇಜು ಬಂದದ್ದು ಜೀಪಿನ ಮೇಲೆ, ಕಾಲು ಮೇಲಾಗಿ,
ಬೇಟೆಯಲ್ಲಿ ಬಿದ್ದ ಕಡವೆಯ ಹಾಗೆ.
ತಿತಿಮತಿಯ ಹಾಸ್ಟೆಲಿನದು.
ಯಾವುದೋ ಎಸ್ಟೇಟಿನ ಬಂಗಲೆ ಖಾಲಿ ಮಾಡುವಾಗ
ಬಿಲಿಯರ್ಡ್ಸ್ ಬೋರ್ಡು ಮೈಸೂರಿಗೆ ಹೋಯಿತಂತೆ,
ಇದನ್ನು ಕೇಳುವವರಿಲ್ಲದೆ ಮಕ್ಕಳಿಗೆ ಕೊಟ್ಟರಂತೆ.

ಎಂಟು ಸರಳಿನಲ್ಲಿ ಮೂರು ಬಾಗಿವೆ, ನಾಲ್ಕಕ್ಕೆ ತುಕ್ಕು,
ಒಂದು ಇಲ್ಲವೇ ಇಲ್ಲ.
ಇಪ್ಪತ್ತೆರಡು ಆಟಗಾರರಲ್ಲಿ ಹತ್ತೊಂಬತ್ತು ಮಂದಿ ಹಾಜರು.
ಒಬ್ಬನಿಗೆ ತಲೆಯಿಲ್ಲ.
ಆಡುತ್ತಾನೆ.

ಗಟ್ಟಿ ಹಾಕಲೋ, ಟೊಳ್ಳು ಹಾಕಲೋ, ಎಂದೆ.
ವಾರ್ಡನ್ ದೇಚಮ್ಮ ಕನ್ನಡಕ ಒರೆಸಿಕೊಂಡು
"ಗಟ್ಟಿಯದೇ ಹಾಕಿ ಹಂಸಾಕ, ಟೊಳ್ಳು ಯಾರಿಗೆ ಬೇಕು?"

ಅವರ ತಪ್ಪಲ್ಲ, ಮಾತೇ ಹಾಗಿದೆ.
ಕಾಫಿ ಹಣ್ಣನ್ನು ನೀರಿಗೆ ಸುರಿದು
ತೇಲಿದ್ದನ್ನೆಲ್ಲ ಬಾಚಿ ಆಚೆ ತಳ್ಳುವ ಸೀಮೆ ಇದು.
ನಾನೂ ಇಲ್ಲೇ ಕಲಿತವನು:
ಗೋಣಿಕೊಪ್ಪದ ಈ ಲೇಥಿನ ಮುಂದೆ ಮೂವತ್ತೊಂದು ವರ್ಷ,
ಪಲ್ಪರಿನ ಶಾಫ್ಟು, ಟಿಲ್ಲರಿನ ಆಕ್ಸಲ್,
ಒಳಗೆ ತುಂಬಿರದ ಕಬ್ಬಿಣಕ್ಕೆ
ಒಂದು ದಿನ ಗ್ಯಾರಂಟಿ ಹೇಳಿದವನಲ್ಲ.

ಆದರೂ ಎರಡನ್ನೂ ತಂದು ವೈಸಿಗೆ ಕಚ್ಚಿಸಿದೆ.

ಗಟ್ಟಿ ಸರಳು ಬಾಗುವುದು ಕಷ್ಟ, ನಿಜ.
ಆದರೆ ಹೊರಡುವಾಗ ಯೋಚಿಸುತ್ತದೆ,
ಹೊರಟ ಮೇಲೆ ನಿಲ್ಲಲಿಕ್ಕೂ ಯೋಚಿಸುತ್ತದೆ.
ಅದರ ಮೇಲೆ ಐದಾಳು ನಿಲ್ಲಿಸಿದರೆ
ಮನೆಮಂದಿಯನ್ನೆಲ್ಲ ಮದುವೆಗೆ ಹೊರಡಿಸಿದಂತೆ:
ಮುಹೂರ್ತ ಮುಗಿದಿರುತ್ತದೆ, ಚೆಂಡು ಗೂಡು ಸೇರಿರುತ್ತದೆ.

ಟೊಳ್ಳಿನದಕ್ಕೆ ಗೋಡೆ ಮೂರು ಎಂ.ಎಂ.,
ನಡುವೆ ಹತ್ತು ಎಂ.ಎಂ. ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೆ
ಮೈಸೂರಿನ ಅಂಗಡಿಯವನು ದುಡ್ಡು ಜಾಸ್ತಿ ಕೇಳುತ್ತಾನೆ.
ಸೀಮ್‌ಲೆಸ್ ಅಂತೆ. ಬೆಸುಗೆಯ ಗೆರೆ ಇರಕೂಡದಂತೆ.

ಜೀಪಿನ ಹಿಂದೆ ಕೂತು ಬಂದಿದ್ದಳು ಚೋಮಿ, ಆರನೇ ಕ್ಲಾಸು,
ಮಣಿಕಟ್ಟು ನನ್ನ ಹೆಬ್ಬೆರಳಿನಷ್ಟು.
ಗಟ್ಟಿಯದನ್ನು ತಿರುಗಿಸಿದಳು, ಭುಜವೇ ಜೊತೆಗೆ ತಿರುಗಿತು.
ಟೊಳ್ಳನ್ನು ತಿರುಗಿಸಿದಳು,
ತಿರುಗಿದ್ದು ನಮಗೆ ಕಾಣಲಿಲ್ಲ.
ಸ್ಪ್ಯಾನರಿನಲ್ಲಿ ಬಡಿದು ಕೇಳಿದಳು:
ಒಂದು 'ಟಕ್' ಎಂದು ಬಾಯಿ ಮುಚ್ಚಿತು,
ಇನ್ನೊಂದು ದೇಚಮ್ಮ ಏನೋ ಹೇಳಿ ಮುಗಿಸುವವರೆಗೂ
ಮೂಲೆಯಲ್ಲಿ ನಿಂತೇ ಇತ್ತು.

ಆಮೇಲೆ ವೈಸು ಬಿಚ್ಚಿಸಿ, ಕಣ್ಣಿಗೆ ಹಿಡಿದು,
ರಸ್ತೆಯ ಕಡೆ ತಿರುಗಿ ಹೇಳಿದಳು:
"ಇದರೊಳಗೆ ಬಸ್ಟಾಂಡು ಕಾಣ್ತದೆ."
ಸ್ವಲ್ಪ ಹೊತ್ತು ಬಿಟ್ಟು:
"ಕುಟ್ಟದ ಬಸ್ಸು ಬಂತು."

"ನಿಮ್ಮನೆ ಕೋವಿಯ ನಳಿಗೆಯೂ ಟೊಳ್ಳೇ ಅಲ್ವಾ ಅಮ್ಮ?" ಎಂದೆ.
"ಮೆಲ್ಲಗೆ ಹೇಳಿ, ನಮ್ಮ ಮಾವನಿಗೆ ಕೇಳಿಸೀತು!"
ನಕ್ಕರು, ಪರ್ಸು ತೆಗೆದರು, ಎಣಿಸಿದರು,
ಮತ್ತೊಮ್ಮೆ ಎಣಿಸಿದರು. ಏಳು ಸರಳಿಗೆ ಸಾಕಾಯಿತು.

ಎಂಟನೆಯದು ಗೋಲಿಯದು.
ಮುರಿದ ಪಲ್ಪರಿನ ಶಾಫ್ಟೊಂದು ಮೂಲೆಯಲ್ಲಿ ಬಿದ್ದಿತ್ತು,
ಅದನ್ನೇ ಸವೆಸಿ ಕೊಟ್ಟೆ.
ಗೋಲಿಗೆ ಎಲ್ಲಿಗೂ ಹೋಗಲಿಕ್ಕಿಲ್ಲವಲ್ಲ,
ಭಾರವಾಗಿ ನಿಂತಿರಲಿ ಅಂದುಕೊಂಡೆ.
ಅದು ತಪ್ಪು ಲೆಕ್ಕ ಅಂತ ತಿಂಗಳಾದ ಮೇಲೆ ತಿಳಿಯಿತು:
ಹಾಸ್ಟೆಲಿಗೆ ಹೋದವನನ್ನು ಚೋಮಿ ಆ ಬದಿಗೆ ನಿಲ್ಲಿಸಿ
ಒಂಬತ್ತು ಹೊಡೆದಳು.
ನನ್ನ ಗೋಲಿ ಪ್ರತಿ ಸಲವೂ ಬಂದ,
ಚೆಂಡು ಹೋದ ಮೇಲೆ.
ತಲೆಯಿಲ್ಲದವನೂ ಒಂದು ಹೊಡೆದ.

ಬಿಲ್ಲಿನಲ್ಲಿ 'ಟೊಳ್ಳು' ಎಂದು ಬರೆಯಲು
ಆ ದಿನ ಕೈ ಬಂದಿರಲಿಲ್ಲ.
'ಪೈಪು, ಏಳು' ಎಂದು ಬರೆದು ಸೀಲು ಒತ್ತಿದ್ದೆ.

ಮಿಕ್ಕ ಗೇಣುದ್ದದ ತುಂಡು ಇಲ್ಲೇ ಇದೆ.
ಬೆಳಿಗ್ಗೆ ಬಾಗಿಲು ತೆಗೆದು, ಮೋಟರು ಹಾಕುವ ಮುಂಚೆ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದರೆ
ಎತ್ತಿ ಕಣ್ಣಿಗಿಡುತ್ತೇನೆ.
ಎಣ್ಣೆಯ ವಾಸನೆ. ನಾಲ್ಕಾಣೆಯಷ್ಟು ಬೆಳಕು.
ವಿರಾಜಪೇಟೆ ಬಸ್ಸು,
ಇನ್ನೂ ಬಂದಿಲ್ಲ.