ಅಳೆದು ಸುರಿದದ್ದು

ಹೊಳೆಗೆ ಸುರಿದರೂ ಅಳೆದು ಸುರಿ ಎಂದವರು
ಅಳೆಯುವವಳ ಸಂಬಳ ಎಷ್ಟೆಂದು ಹೇಳಿಲ್ಲ.
ಆ ಅಳೆಯುವವಳು ನಾನು, ಸಬೇಲಾ.
ಗಲೀಸಿಯಾದ ಕರಾವಳಿಯಲ್ಲೊಂದು ಊರು,
ಕಡಲು ಬೆರಳು ಚಾಚಿ ಬೆಟ್ಟಗಳ ಸಂದಿಗೆ ನುಗ್ಗಿದ ಜಾಗ;
ರಿಯಾ ಎನ್ನುತ್ತೇವೆ ಅದನ್ನು. ಪೂರಾ ಉಪ್ಪೂ ಅಲ್ಲ, ಸಪ್ಪೆಯೂ ಅಲ್ಲ.

ಇಡೀ ಊರು ನನ್ನ ಬಳಿಗೆ ಬರುತ್ತದೆ, ಮುಖ ಮರೆಸಿಕೊಂಡು.
ಬೆಳಿಗ್ಗೆ ಏಳಕ್ಕೆ ಸೋಪು, ಕಾಫಿಗಸಿ.
ಭಾನುವಾರ ಮಧ್ಯಾಹ್ನ ಆಕ್ಟೋಪಸ್ ಬೇಯಿಸಿದ ಕೆನ್ನೀಲಿ ನೀರು.
ಫುಟ್‌ಬಾಲಿನ ಅರ್ಧವಿರಾಮದಲ್ಲಿ
ಮೀಟರಿನ ಮುಳ್ಳು ಬೆಚ್ಚಿಬಿದ್ದಂತೆ ಜಿಗಿಯುತ್ತದೆ.
ಪಾದ್ರಿಯದು, ಬ್ಯಾಂಕಿನವನದು, ಅವನ ಗೆಳತಿಯದು,
ಎಲ್ಲ ಒಂದೇ ಕೊಳವೆ.
ತೊಟ್ಟಿಯಲ್ಲಿ ಗಾಳಿಯೂದಿ ಸಾಕುತ್ತೇವೆ
ಕಣ್ಣಿಗೆ ಕಾಣದ ಕೂಲಿಗಳನ್ನು.
ಅವು ತಿಂದುಳಿದ ಕೊಳೆ ನೀರಿನಿಂದ ಬೇಡುವ ಉಸಿರು
ಲೀಟರಿಗೆ ಇಪ್ಪತ್ತೈದು ಮಿಲಿಗ್ರಾಂ ಮೀರಬಾರದು:
ಪರವಾನಗಿಯ ನಾಲ್ಕನೇ ಪುಟ, ಎರಡನೇ ಸಾಲು.
ಗಾಜು ಹಾಕಿಸಿ ಗೋಡೆಗೆ ತೂಗಿಸಿದ್ದಾರೆ;
ಮೊದಲ ಪುಟ ಮಾತ್ರ ಕಾಣುತ್ತದೆ,
ನಗರಸಭೆಯ ಮೊಹರು, ಯಾರದೋ ಸಹಿ, ಒಂದು ಸತ್ತ ನೊಣ.

ಅಮ್ಮ, ಬಾಲ್ಬಿನಾ.
ಹದಿನಾರಕ್ಕೆ ಹಿಡಿದ ಕುಂಟೆ; ಇಳಿತದ ಮರಳಲ್ಲಿ
ನಡು ಬಗ್ಗಿಸಿ ಚಿಪ್ಪಿ ಕೆದಕುತ್ತಾಳೆ ಇಂದಿಗೂ,
ನೂರಾ ನಲವತ್ತು ಹೆಂಗಸರ ಸಾಲಿನಲ್ಲಿ
ಹಳದಿ ಬಕೆಟು ಅವಳದು.
ನಾನು ಬಿಟ್ಟ ನೀರು
ಆರು ತಾಸಿಗೆ ಅವಳ ಮೊಣಕಾಲು ಮುಟ್ಟುತ್ತದೆ.
ಊಟದ ಹೊತ್ತಲ್ಲಿ ಇದನ್ನು ನಾವು ಮಾತಾಡುವುದಿಲ್ಲ.

ನವೆಂಬರು. ಮೂರು ದಿನ ಬಿಡದ ಮಳೆ.
ಹಳೇಪೇಟೆಯ ಮೋರಿಗೆ ಮಳೆಯೂ ಮಲವೂ ಒಂದೇ,
ಎರಡನ್ನೂ ಒಟ್ಟಿಗೆ ತಂದು ಸುರಿಯಿತು.
ಎರಡನೇ ಗಾಳಿಯಂತ್ರ ಸೆಪ್ಟೆಂಬರಿನಿಂದ ಕೆಟ್ಟಿತ್ತು;
ಬಿಡಿಭಾಗ ಬೇಕೆಂದು ಮೂರು ಸಲ ಬರೆದಿದ್ದೆ,
ಮೂರು ಸಲವೂ "ಪರಿಶೀಲನೆಯಲ್ಲಿದೆ".
ಬೆಳಗಿನ ಜಾವ ನಾಲ್ಕೂ ಇಪ್ಪತ್ತು.
ಟಾರ್ಚು ಹಲ್ಲಲ್ಲಿ ಕಚ್ಚಿ
ಕೊಳವೆಯ ಬಾಯಿಗೆ ಬಾಟಲಿ ಹಿಡಿದೆ.
ಮೂಗಿಗೆ ಆಗಲೇ ಗೊತ್ತಾಯಿತು.
ಆದರೆ ಮೂಗಿನ ಮಾತು ದಾಖಲೆಗೆ ಬರುವುದಿಲ್ಲ:
ಬಾಟಲಿ ಐದು ದಿನ ಕತ್ತಲಲ್ಲಿ ಕೂರಬೇಕು,
ಇಪ್ಪತ್ತು ಡಿಗ್ರಿಯ ಬೆಚ್ಚಗೆ, ಬಾಣಂತಿಯ ಹಾಗೆ.
ಆ ಐದೂ ದಿನ ಬಿರುಗಾಳಿ, ಹೆಂಗಸರು ಮರಳಿಗಿಳಿಯಲಿಲ್ಲ.
ಆರನೆಯ ದಿನ ಆಕಾಶ ತೊಳೆದಿಟ್ಟ ಪಾತ್ರೆ.

ಅರವತ್ತೊಂದು.

ಮ್ಯಾನೇಜರು ಅಮಾರೊ ಕೆಟ್ಟವನಲ್ಲ.
ನನ್ನ ಮೇಜಿನ ಬಳಿ ನಿಂತು ಕನ್ನಡಕ ಒರೆಸಿಕೊಂಡ.
"ಮಳೆ ದಿನದ್ದು, ಲೆಕ್ಕಕ್ಕಿಲ್ಲ. ಇಪ್ಪತ್ತನಾಲ್ಕು ಅಂತ ಬರೆದರೆ
ಯಾರ ಗಂಟು ಹೋಗುತ್ತೆ? ಕ್ರಿಸ್‌ಮಸ್ಸು ಬೇರೆ ಹತ್ತಿರ.
ಕಿಲೋ ಚಿಪ್ಪಿಗೆ ಈಗೇನು ಬೆಲೆ, ನಿನ್ನಮ್ಮನ್ನೇ ಕೇಳು."
ಗೊತ್ತಿತ್ತು ಬೆಲೆ.
ಇಪ್ಪತ್ತನಾಲ್ಕಕ್ಕೆ ಬೇಕಾಗುವ ಶಾಯಿ
ಅರವತ್ತೊಂದಕ್ಕಿಂತ ಹೆಚ್ಚೇನಲ್ಲ.
ಅರವತ್ತೊಂದೇ ಬರೆದೆ. ಕಳಿಸಿದೆ.
ಆಮೇಲೆ ಶೌಚಾಲಯಕ್ಕೆ ಹೋಗಿ ಸುಮ್ಮನೆ ಕೂತೆ;
ಏಳುವಾಗ ಅಭ್ಯಾಸಬಲದಿಂದ ಚೈನು ಎಳೆದು
ಒಬ್ಬಳೇ ನಕ್ಕೆ.

ಅವರು ಬಂದರು, ಚಿಪ್ಪಿ ಬಿಡಿಸಿ ನೋಡಿದರು,
ಮರಳಿಗೆ ಕೆಂಪು ಬಾವುಟ ನೆಟ್ಟರು.
ಜನವರಿ ಕಳೆಯುವ ತನಕ ಇಳಿತ ಬಂತು, ಹೋಯಿತು,
ಒಂದು ಬಕೆಟೂ ಕೆಳಗಿಳಿಯಲಿಲ್ಲ.
ಬೇಕರಿಯಲ್ಲಿ ಎರ್ಮಿಟಾಸ್ ನನ್ನ ಚಿಲ್ಲರೆಯನ್ನು
ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು.
ನಗರಸಭೆಗೆ ದಂಡ ಬಿತ್ತು;
ದಂಡಕ್ಕಿಂತ ಅಗ್ಗದ ಬಿಡಿಭಾಗ ವಾರದೊಳಗೆ ಬಂತು.
ಅಮ್ಮ ಏನೂ ಅನ್ನಲಿಲ್ಲ. ಒಣಗಿದ ಬಕೆಟನ್ನು
ದಿನಾ ಸಂಜೆ ತೊಳೆದು ಬೋರಲು ಹಾಕುತ್ತಿದ್ದಳು,
ನನಗೆ ಕೇಳುವ ಹಾಗೆ.

ಫೆಬ್ರವರಿಯ ಒಂದು ಮಧ್ಯಾಹ್ನ, ಮೇಜಿನ ಮೇಲೆ ಬೋಗುಣಿ.
ಬೆಳ್ಳುಳ್ಳಿ, ಬಿಳಿ ವೈನು, ಬಾಯಿಬಿಟ್ಟ ಚಿಪ್ಪಿಗಳ ಹಬೆ.
ಎದುರು ಕೂತಳು. ಚಮಚ ಮುಟ್ಟಲಿಲ್ಲ.
"ನೀನು ಮೊದಲು ತಿನ್ನು," ಅಂದಳು.

ತಿಂದೆ.
ಹಲ್ಲಿಗೆ ಮರಳು ಸಿಕ್ಕಿತು.
ಅವಳು ನೋಡುತ್ತಲೇ ಇದ್ದಳು.
ಎರಡನೆಯದನ್ನೂ ತಿಂದೆ.